‘ಓನ್ಲಿ’ ವಿಷಯದಲ್ಲಿ ಗ್ರಾಮರ್ ಚೆಕರನ್ನು ಎಷ್ಟು ನಂಬಬಹುದು? ಐದು ತಿಂಗಳು ಬಳಸಿದ ಮೇಲೆ

ಕೆಲಸದಲ್ಲಿ ದಿನಾ ಇಪ್ಪತ್ತು ಮೂವತ್ತು ಇಂಗ್ಲಿಷ್ ಮೇಲ್ ಬರೆಯಬೇಕಾಗುತ್ತದೆ. ಅದಕ್ಕೆ ಐದು ತಿಂಗಳಿಂದ ದುಡ್ಡು ಕೊಟ್ಟು ಒಂದು ಗ್ರಾಮರ್ ಚೆಕರ್ ಬಳಸುತ್ತಿದ್ದೇನೆ. ಸ್ಪೆಲ್ಲಿಂಗ್, ಕಾಮಾ, ಏಕವಚನ ಬಹುವಚನ ಇದರಲ್ಲೆಲ್ಲ ಚೆನ್ನಾಗಿದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇದನ್ನು ಬರೆಯುತ್ತಿರುವುದೇ ‘ಓನ್ಲಿ’ ಅನ್ನುವ ಒಂದು ಪದಕ್ಕಾಗಿ. ನೋಡಲು ಎಷ್ಟು ಚಿಕ್ಕದು, ಆದರೆ ಒಂದು ಹೆಜ್ಜೆ ಆಚೆ ಈಚೆ ಇಟ್ಟರೆ ವಾಕ್ಯ ಬೇರೆಯದೇ ಹೇಳುತ್ತದೆ.

ಮೊದಲು ಮೆಚ್ಚಿದ್ದು ಹೇಳುತ್ತೇನೆ. ‘ಐ ಆಮ್ ಹಿಯರ್ ಓನ್ಲಿ’, ‘ಹಿ ಟೋಲ್ಡ್ ಮಿ ಯೆಸ್ಟರ್‌ಡೇ ಓನ್ಲಿ’ ಅಂತ ಬರೆದರೆ ತಕ್ಷಣ ಕೆಳಗೆ ಗೆರೆ ಬೀಳುತ್ತದೆ. ನಮಗೆ ಈ ತಪ್ಪು ಯಾಕೆ ಬರುತ್ತದೆ ಅಂದರೆ ತಲೆಯಲ್ಲಿ ಓಡುತ್ತಿರುವುದು ‘ಇಲ್ಲೇ ಇದ್ದೇನೆ’, ‘ನಿನ್ನೆಯೇ ಹೇಳಿದ’. ಆ ‘ಏ’ ಪದದ ಬಾಲಕ್ಕೆ ಅಂಟುತ್ತದೆ ಅಲ್ವಾ, ಅದರ ಬದಲಿಗೆ ಇಂಗ್ಲಿಷಿನಲ್ಲಿ ಏನೂ ಸಿಗದೆ ಓನ್ಲಿಯನ್ನು ತಂದು ಹಿಂದೆ ಕಟ್ಟಿಬಿಡುತ್ತೇವೆ. ಮೊದಲನೆಯದಕ್ಕೆ ಚೆಕರ್ ‘ರೈಟ್ ಹಿಯರ್’ ಅಂತ ಸೂಚಿಸಿತು, ಸರಿಯಾಗಿದೆ. ಎರಡನೆಯದರಲ್ಲಿ ಸುಮ್ನೆ ಓನ್ಲಿ ಅಳಿಸಿತು, ಅದು ಸಾಲದು. ‘ಓನ್ಲಿ ಯೆಸ್ಟರ್‌ಡೇ’ ಅಂತ ಮುಂದೆ ಇಟ್ಟಿದ್ದರೆ ‘ನಿನ್ನೆ ತಾನೇ’ ಅನ್ನುವ ಅರ್ಥ ಉಳಿಯುತ್ತಿತ್ತು.

ಇನ್ನೊಂದು ಕಡೆ ನಿಜವಾಗಿಯೂ ಕಲಿಸಿತು. ‘ಓನ್ಲಿ ಆಫ್ಟರ್ ದ ಟೆಸ್ಟ್ ವಿ ಫೌಂಡ್ ದ ಲೀಕ್’ ಅಂತ ಬರೆದಿದ್ದೆ. ‘ಡಿಡ್ ವಿ ಫೈಂಡ್’ ಆಗಬೇಕು ಅಂತ ತಿದ್ದಿತು. ಓನ್ಲಿ ಜೊತೆ ಸಮಯದ ಮಾತು ಸೇರಿ ವಾಕ್ಯದ ಮೊದಲಿಗೆ ಬಂದರೆ ಸಹಾಯಕ ಕ್ರಿಯಾಪದ ಕರ್ತೃವಿನ ಮುಂದೆ ಬರಬೇಕು. ಓನ್ಲಿ ಕರ್ತೃವಿಗೇ ಸೇರಿದ್ದರೆ ಇದು ಬೇಡ. ‘ಓನ್ಲಿ ಟೂ ಪೀಪಲ್ ಕೇಮ್’ ಅನ್ನುವುದನ್ನು ಅದು ಮುಟ್ಟಲೇ ಇಲ್ಲ. ಈ ವ್ಯತ್ಯಾಸ ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಈಗ ನನಗೆ ನೋವಾದ ವಿಷಯ. ಒಬ್ಬ ಗ್ರಾಹಕರ ಹತ್ತಿರ ಎರಡು ಮೆಷೀನ್ ಇದ್ದವು. ನಾವು ಎರಡನೆಯದನ್ನು ಮಾತ್ರ ನೋಡಿ, ಇದ್ದ ದೋಷ ಸರಿ ಮಾಡಿ ಬಂದಿದ್ದೆವು. ನಾನು ಬರೆದದ್ದು ‘ವಿ ಓನ್ಲಿ ಚೆಕ್ಡ್ ದ ಸೆಕೆಂಡ್ ಮೆಷೀನ್’. ಚೆಕರ್ ಹಸಿರು ಟಿಕ್ ಕೊಟ್ಟಿತು, ಕಳಿಸಿದೆ. ಅವರು ಅದನ್ನು ‘ಬರೀ ನೋಡಿದೆವು, ರಿಪೇರಿ ಮಾಡಿಲ್ಲ’ ಅಂತ ಓದಿಕೊಂಡರು. ಸಂಜೆ ಫೋನ್ ಬಂತು, ಹಾಗಾದರೆ ಸರಿ ಮಾಡುವುದು ಯಾವಾಗ ಅಂತ. ತಪ್ಪು ಅವರದ್ದಲ್ಲ. ಎದುರು ನಿಂತು ಹೇಳಿದ್ದರೆ ‘ಸೆಕೆಂಡ್’ ಮೇಲೆ ದನಿ ಒತ್ತಿ ಹೇಳುತ್ತಿದ್ದೆ, ಗೊತ್ತಾಗುತ್ತಿತ್ತು. ಬರಹದಲ್ಲಿ ದನಿ ಇಲ್ಲ, ಪದ ಕೂತ ಜಾಗವೇ ಎಲ್ಲ. ‘ವಿ ಚೆಕ್ಡ್ ಓನ್ಲಿ ದ ಸೆಕೆಂಡ್ ಮೆಷೀನ್’ ಅಂದಿದ್ದರೆ ಮುಗಿದಿತ್ತು.

ಆ ದಿನ ರಾತ್ರಿ ಕೂತು ಪರೀಕ್ಷೆ ಮಾಡಿದೆ. ‘ಐ ಗೇವ್ ಹರ್ ದ ಕೀ’ ಅನ್ನುವ ವಾಕ್ಯ ತೆಗೆದುಕೊಂಡು ಓನ್ಲಿಯನ್ನು ಒಂದೊಂದು ಜಾಗದಲ್ಲಿ ಇಟ್ಟೆ. ‘ಓನ್ಲಿ ಐ’ ಅಂದರೆ ನಾನೊಬ್ಬನೇ ಕೊಟ್ಟೆ. ‘ಐ ಓನ್ಲಿ ಗೇವ್’ ಅಂದರೆ ಕೊಟ್ಟೆ ಅಷ್ಟೇ, ಬೇರೇನೂ ಮಾಡಿಲ್ಲ. ‘ಓನ್ಲಿ ಹರ್’ ಅಂದರೆ ಅವಳಿಗೆ ಮಾತ್ರ. ‘ಓನ್ಲಿ ದ ಕೀ’ ಅಂದರೆ ಕೀ ಮಾತ್ರ. ‘ದ ಓನ್ಲಿ ಕೀ’ ಅಂದರೆ ಇದ್ದ ಒಂದೇ ಕೀ, ಅಲ್ಲಿ ಅದು ಕ್ರಿಯಾವಿಶೇಷಣವೇ ಅಲ್ಲ, ಗುಣವಾಚಕ. ಐದಕ್ಕೂ ಹಸಿರು ಟಿಕ್. ವ್ಯಾಕರಣದ ಪ್ರಕಾರ ಐದೂ ಸರಿಯೇ, ಒಪ್ಪುತ್ತೇನೆ. ಆದರೆ ‘ಇಲ್ಲಿ ಎರಡು ಅರ್ಥ ಬರಬಹುದು, ಯಾವುದು ನಿಮ್ಮದು’ ಅಂತ ಒಂದು ಸಾಲು ಕೇಳಿದ್ದರೆ ಎಷ್ಟು ಉಪಕಾರ ಆಗುತ್ತಿತ್ತು!

ಹೋಗಲಿ, ಎಲ್ಲಾ ಕಡೆ ಸುಮ್ಮನಿರುತ್ತದಾ ಅಂದರೆ ಅದೂ ಇಲ್ಲ. ಫಾರ್ಮಲ್ ಸೆಟ್ಟಿಂಗ್ ಹಾಕಿದರೆ ‘ವಿ ಓನ್ಲಿ ಹ್ಯಾವ್ ಟೂ ಡೇಸ್’ ಅನ್ನುವುದಕ್ಕೆ ಗೆರೆ ಎಳೆದು ‘ಹ್ಯಾವ್ ಓನ್ಲಿ’ ಮಾಡಿ ಅನ್ನುತ್ತದೆ. ಅದನ್ನು ಯಾರು ತಾನೇ ತಪ್ಪಾಗಿ ಓದುತ್ತಾರೆ? ಓನ್ಲಿಯನ್ನು ಕ್ರಿಯಾಪದದ ಮುಂದೆ ಇಡುವುದು ಇಂಗ್ಲಿಷಿನಲ್ಲಿ ಸಹಜವಾದ ಜಾಗ. ಗೊಂದಲ ಇಲ್ಲದ ಕಡೆ ಅದನ್ನು ಎತ್ತಿಡಬೇಕಿಲ್ಲ ಅಂತ ಎಚ್. ಡಬ್ಲ್ಯು. ಫೌಲರ್ 1926ರಲ್ಲೇ ತಮ್ಮ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ವಾದಿಸಿದ್ದರು. ಬೇಡದ ಕಡೆ ತಿದ್ದಿ ಬೇಕಾದ ಕಡೆ ಬಿಟ್ಟರೆ ಹೊಸದಾಗಿ ಕಲಿಯುವವರು ಏನು ತಿಳಿದುಕೊಳ್ಳಬೇಕು?

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ‘ಹಿಯರ್ ಓನ್ಲಿ’ ಅಭ್ಯಾಸ ಬಿಡಿಸಿಕೊಳ್ಳಬೇಕು ಅನ್ನುವವರು ಖಂಡಿತ ತೆಗೆದುಕೊಳ್ಳಿ, ಒಂದೇ ತಿಂಗಳಲ್ಲಿ ನನಗೆ ಬಿಟ್ಟುಹೋಯಿತು. ನಾನೂ ಮುಂದುವರಿಸುತ್ತೇನೆ. ಆದರೆ ಲೆಕ್ಕ, ಒಪ್ಪಂದ, ರಿಪೇರಿ ವಿಷಯದ ಮೇಲ್ ಆದರೆ ಕಳಿಸುವ ಮೊದಲು ‘ಓನ್ಲಿ’ ಅಂತ ಸರ್ಚ್ ಕೊಟ್ಟು ಒಂದೊಂದನ್ನೂ ನಾನೇ ನೋಡುತ್ತೇನೆ. ಕನ್ನಡದಲ್ಲಿ ಯಾವ ಪದದ ಹಿಂದೆ ‘ಮಾತ್ರ’ ಬರುತ್ತಿತ್ತೋ, ಇಂಗ್ಲಿಷಿನಲ್ಲಿ ಆ ಪದದ ಮುಂದೆ ಓನ್ಲಿ ಇಡುತ್ತೇನೆ. ಆಮೇಲೆ ಅಂಥ ಫೋನ್ ಬಂದಿಲ್ಲ.