ಹಳೇ ಜೆಡ್4 ಇಟ್ಕೊಂಡಿರೋರು ಓದಿ: ಕೂಲೆಂಟ್ ಸೋರಿಕೆ ಹೆಸರಲ್ಲಿ 78 ಸಾವಿರಕ್ಕೆ ಟೋಪಿ

ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತಿದೀನಿ. ಗಾಡಿ 2010ರ ಬಿಎಂಡಬ್ಲ್ಯು ಜೆಡ್4 35ಐ, ಎನ್54 ಎಂಜಿನ್. ಬೆಂಗಳೂರಿನ ಒಂದು ಗ್ಯಾರೇಜು, ಹೆಸರು ಬೇಡ. ಎರಡು ವಾರಕ್ಕೆ ಅರ್ಧ ಲೀಟರ್ ಕೂಲೆಂಟ್ (ಎಂಜಿನ್ ತಂಪಾಗಿಡೋ ದ್ರವ) ಇಳೀತಿತ್ತು, ನೆಲದ ಮೇಲೆ ಒಂದು ಹನಿ ಇಲ್ಲ. ಬಾನೆಟ್ ಎತ್ತಿದ ತಕ್ಷಣ "ವಾಟರ್ ಪಂಪ್ ಲೀಕು ಸಾರ್, ಥರ್ಮೋಸ್ಟಾಟೂ ಜೊತೇಲೇ ಹಾಕ್ಬಿಡೋಣ" ಅಂದ್ರು. ಪಂಪ್ ಕೂಲೆಂಟ್ ಸುತ್ತಿಸೋದು, ಥರ್ಮೋಸ್ಟಾಟ್ ಬಿಸಿ ನೋಡಿ ಅದರ ಹರಿವು ತೆರೆಯೋ ವಾಲ್ವು. ಒತ್ತಡ ಕೊಟ್ಟು ಸೋರಿಕೆ ಹುಡುಕೋ ಪ್ರೆಶರ್ ಟೆಸ್ಟ್ ಇಲ್ಲ, ಗಾಡಿ ಕಂಪ್ಯೂಟರ್ ಓದೋ ಸ್ಕ್ಯಾನರ್ ಇಲ್ಲ. ನಾನೂ ಹೂಂ ಅಂದೆ.

ಗೊತ್ತಿದ್ದೂ ಹೂಂ ಅಂದೆ, ಅದೇ ಉರಿ. ಈ ಎಂಜಿನ್ನಿನ ಪಂಪು ಬೆಲ್ಟಲ್ಲಿ ತಿರುಗೋದಲ್ಲ, ಕರೆಂಟಿನದು. ಅದು ಸಾಮಾನ್ಯವಾಗಿ ಸೋರಿ ಸಾಯಲ್ಲ. ಮೋಟಾರೋ ಒಳಗಿನ ಎಲೆಕ್ಟ್ರಾನಿಕ್ಸೋ ಕೆಟ್ಟು ಸಾಯುತ್ತೆ, ಕಂಪ್ಯೂಟರಲ್ಲಿ ಫಾಲ್ಟ್ ಕೋಡ್ ಬಿಟ್ಟು ಹೋಗುತ್ತೆ. ಕೋಡ್ ನೋಡ್ದೇ ಪಂಪ್ ಬದಲಾಯಿಸ್ತೀನಿ ಅನ್ನೋರಿಗೆ ಒಂದೋ ಗಾಡಿ ಗೊತ್ತಿಲ್ಲ, ಇಲ್ಲಾ ನಿಮ್ಮ ಜೇಬು ಗೊತ್ತಿದೆ.

ಬಿಲ್ 78 ಸಾವಿರ. ಒಂಬತ್ತನೇ ದಿನ ಮತ್ತೆ ಕೂಲೆಂಟ್ ಕಮ್ಮಿ ಅಂತ ದೀಪ. ವಾಪಸ್ ಹೋದ್ರೆ ಬಂದ ಉತ್ತರ: "ಹಂಗಾದ್ರೆ ಹೆಡ್ ಗ್ಯಾಸ್ಕೆಟ್ಟೇ ಸಾರ್. ಹಳೇ ಗಾಡಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ. ಒಂದೂವರೆ ಲಕ್ಷ ಇಟ್ಕೊಂಡಿರಿ." ಹೆಡ್ ಗ್ಯಾಸ್ಕೆಟ್ ಅಂದ್ರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು. ಅದು ಹೋಗಿದ್ರೆ ಕಾಣೋ ಬಿಳಿ ಹೊಗೆ ಇಲ್ಲ, ಆಯಿಲ್ ಕೆನೆಗಟ್ಟಿಲ್ಲ. ಗ್ಯಾಸ್ ಟೆಸ್ಟ್ ಮಾಡಿದ್ರಾ ಅಂದೆ. ಕೂಲೆಂಟ್ ಟ್ಯಾಂಕಿನ ಬಾಯಿಗಿಟ್ಟ ನೀಲಿ ದ್ರವ ಹಳದಿಗೆ ತಿರುಗಿದ್ರೆ ಮಾತ್ರ ಸಿಲಿಂಡರ್ ಗ್ಯಾಸ್ ಕೂಲೆಂಟಿಗೆ ಬರ್ತಿದೆ ಅಂತ ಲೆಕ್ಕ. "ಅದೆಲ್ಲ ಯಾಕೆ ಸಾರ್, ಇಪ್ಪತ್ತು ವರ್ಷದ ಎಕ್ಸ್‌ಪೀರಿಯೆನ್ಸು." ಹಳೇ ಪಂಪ್ ಕೊಡಿ ಅಂದೆ. "ಗುಜರಿಗೆ ಹೋಯ್ತಲ್ಲ ಸಾರ್."

ಗುಜರಿಗೆ ಹೋಯ್ತಂತೆ!

ಬೇರೆ ಮೆಕ್ಯಾನಿಕ್ ಹತ್ರ ತಗೊಂಡು ಹೋದೆ. ತಣ್ಣಗಿರೋ ಎಂಜಿನ್ನಿಗೆ ಟ್ಯಾಂಕಿನ ಕಡೆಯಿಂದ ಕೈಪಂಪಲ್ಲಿ 1.5 ಬಾರ್ ಕೊಟ್ಟು ಬಿಟ್ರು. ಹತ್ತೇ ನಿಮಿಷ, ಒತ್ತಡದ ಗೇಜಿನ ಮುಳ್ಳು ಇಳೀತಾ ಬಂತು. ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ (ಅದೇ ಕೂಲೆಂಟ್ ತುಂಬೋ ಟ್ಯಾಂಕು) ಕೆಳ ಜೋಡಣೆಯಲ್ಲಿ ಕೂದಲೆಳೆ ಬಿರುಕು, ಸುತ್ತ ಬಿಳಿ ಪುಡಿ ಒಣಗಿ ಕೂತಿದೆ. ಪ್ಲಾಸ್ಟಿಕ್ ಟ್ಯಾಂಕು ವರ್ಷಗಟ್ಟಲೆ ಬಿಸಿ ತಿಂದು ಪೆಡಸಾಗಿರುತ್ತೆ, ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಜಿನುಗುತ್ತೆ, ಅಲ್ಲೇ ಆವಿಯಾಗುತ್ತೆ. ನೆಲದ ಮೇಲೆ ಹನಿ ಯಾಕಿರಲಿಲ್ಲ ಅಂತ ಆಗ ಅರ್ಥ ಆಯ್ತು.

ಆಮೇಲೆ ಕೆಳಗಿನ ಕವರ್ ಬಿಚ್ಚಿದ್ರು. ಪಂಪಿನ ಲೇಬಲ್ ಮೇಲೆ ತಾರೀಕು 2010. ಹಿಡಿದಿರೋ ಮೂರು ಅಲ್ಯೂಮಿನಿಯಂ ಬೋಲ್ಟ್ ಒಂದೇ ಸಲಕ್ಕೆ, ಬಿಚ್ಚಿದ್ರೆ ಹೊಸದೇ ಹಾಕ್ಬೇಕು. ಅವುಗಳ ತಲೆ ಮೇಲೆ ವರ್ಷಗಳ ಧೂಳು, ಸ್ಪ್ಯಾನರ್ ಮುಟ್ಟಿದ ಗುರುತೇ ಇಲ್ಲ. ನಾನು ಹೊಸ ಪಂಪಿಗೆ ದುಡ್ಡು ಕೊಟ್ಟು ಹಳೇ ಪಂಪನ್ನೇ ಮನೆಗೆ ತಂದಿದ್ದೆ. ಮೊದಲ ಗ್ಯಾರೇಜಿಗೆ ಫೋನ್ ಮಾಡಿದ್ರೆ "ಹುಡುಗ್ರು ಮಿಸ್ಟೇಕ್ ಮಾಡಿರ್ಬೋದು, ಬನ್ನಿ ನೋಡೋಣ". ಆಮೇಲೆ ಫೋನೇ ಎತ್ತಲ್ಲ.

ಇನ್ನೊಂದು ಇದೆ. ಕೂಲೆಂಟ್ ಬಸಿದಾಗ ಬೆಳ್ಳಿ ಬಣ್ಣದ ಕಣಗಳು ಬಂದ್ವು. ಸೋರಿಕೆ ಮುಚ್ಚೋ ಪುಡಿ ಸುರಿದಿದ್ದಾರೆ, ಕೇಳದೇ! ಈ ಎಂಜಿನ್ನಿನ ಎರಡು ಟರ್ಬೋಗಳಿಗೂ ಸಣ್ಣ ಪೈಪಲ್ಲಿ ಕೂಲೆಂಟೇ ಹೋಗೋದು. ಆ ಪುಡಿ ಅಲ್ಲಿ ಕಟ್ಕೊಂಡ್ರೆ, ಗಾಡಿ ಒಳಗೆ ಬಿಸಿ ಗಾಳಿ ಕೊಡೋ ಹೀಟರ್ ಕೋರಲ್ಲಿ ಕಟ್ಕೊಂಡ್ರೆ, ಟ್ಯಾಂಕಿನ ಖರ್ಚು ಯಾವ ಲೆಕ್ಕ?

ಟ್ಯಾಂಕ್, ಮುಚ್ಚಳ ಎರಡೂ ಒಟ್ಟಿಗೇ ಬದಲಾಯಿಸಿ. ನೀಲಿ ಕೂಲೆಂಟು, ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ಕೆಂಪು ಹಸಿರು ಬೆರೆಸ್ಬೇಡಿ, ನಲ್ಲಿ ನೀರಂತೂ ಬೇಡವೇ ಬೇಡ. ಕೂಲೆಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿರೋ ಗಾಳಿ ತೆಗೆಯೋದು ಎಂಜಿನ್ ಓಡಿಸಿ ಅಲ್ಲ. ಬ್ಯಾಟರಿಗೆ ಚಾರ್ಜರ್ ಹಾಕಿ, ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಬೇಡ. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಕಡಿಮೆಗೆ ಇಡಿ, ಆಕ್ಸಿಲರೇಟರನ್ನ 10 ಸೆಕೆಂಡ್ ಪೂರ್ತಿ ಒತ್ತಿ ಹಿಡೀರಿ. ಪಂಪು ತಾನೇ ಸುಮಾರು 12 ನಿಮಿಷ ಓಡುತ್ತೆ. ನಿಂತ ಮೇಲೆ ಮಟ್ಟ ನೋಡಿ ತುಂಬಿ. ಇದು ಗೊತ್ತಿಲ್ಲದ ಗ್ಯಾರೇಜಲ್ಲಿ ಗಾಳಿ ಒಳಗೇ ಉಳಿದು ಎಂಜಿನ್ ವಿಪರೀತ ಬಿಸಿಯಾಗುತ್ತೆ, ಆಗ್ಲೂ ಹೆಡ್ ಗ್ಯಾಸ್ಕೆಟ್ ಅಂತಾರೆ.

ಪ್ರೆಶರ್ ಟೆಸ್ಟ್ ಕಣ್ಣೆದುರಿಗೇ ಮಾಡ್ಸಿ. ಬಿಚ್ಚಿದ ಹಳೇ ಪಾರ್ಟು ಡಿಕ್ಕಿಯಲ್ಲಿ ಕೂತ ಮೇಲೇ ದುಡ್ಡು.

ನನ್ನ ಗಾಡಿಗೆ ಎರಡು ಸಲ ಫ್ಲಶ್ ಆಗಿದೆ. ಸೋರಿಕೆ ನಿಂತಿದೆ, ಹೀಟರ್ ಮಾತ್ರ ಇನ್ನೂ ಉಗುರುಬೆಚ್ಚಗೇ ಬರ್ತಿದೆ.