ಎಟಿಪಿ ರ‍್ಯಾಂಕಿಂಗ್ ಪಟ್ಟಿ: ಲೆಕ್ಕ ಪಕ್ಕಾ, ಹಂಚಿಕೆಯಲ್ಲಿ ತಕರಾರು

ಪುರುಷರ ವೃತ್ತಿಪರ ಟೆನಿಸ್‌ನ ಎಟಿಪಿ ರ‍್ಯಾಂಕಿಂಗ್ ಪಟ್ಟಿಯನ್ನು ಆಟ ನೋಡುವವರಿಗೆ ಸಿಗುವ ಒಂದು ಸೇವೆಯೆಂದು ಪರಿಗಣಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. 1973ರ ಆಗಸ್ಟ್‌ನಲ್ಲಿ ಇಲೀ ನಸ್ತಾಸೆ ಅವರನ್ನು ಮೊದಲ ಸ್ಥಾನದಲ್ಲಿರಿಸಿ ಆರಂಭವಾದ ಈ ಪಟ್ಟಿ ಈಗ ಸಾಮಾನ್ಯವಾಗಿ ಸೋಮವಾರಗಳಂದು ಹೊಸದಾಗುತ್ತದೆ. ವರ್ಷದ ನಾಲ್ಕು ಅತಿದೊಡ್ಡ ಟೂರ್ನಿಗಳಾದ ಗ್ರ್ಯಾನ್‌ಸ್ಲಾಮ್‌ಗಳಂತೆ ಎರಡು ವಾರ ನಡೆಯುವ ಟೂರ್ನಿಗಳ ನಡುವೆ ಬದಲಾಗದೆ ನಿಲ್ಲುತ್ತದೆ. ಟೂರ್ನಿಗಳಲ್ಲಿ ಗಳಿಸಿದ ಅಂಕಗಳೇ ಇಲ್ಲಿ ಆಟಗಾರನ ಸ್ಥಾನ ನಿರ್ಧರಿಸುತ್ತವೆ.

ಗ್ರ್ಯಾನ್‌ಸ್ಲಾಮ್ ಗೆದ್ದವರಿಗೆ 2000 ಅಂಕ, ಫೈನಲ್‌ನಲ್ಲಿ ಸೋತವರಿಗೆ 1300, ಸೆಮಿಫೈನಲ್‌ಗೆ 800, ಕ್ವಾರ್ಟರ್‌ಫೈನಲ್‌ಗೆ 400. ಅಲ್ಲಿಂದ ಕೆಳಕ್ಕೆ 200, 100, 50 ಎಂದು ಪ್ರತಿ ಸುತ್ತಿಗೂ ಅರ್ಧವಾಗುತ್ತಾ ಬಂದು, ಮೊದಲ ಸುತ್ತಿನಲ್ಲೇ ಸೋತವರಿಗೆ 10 ಉಳಿಯುತ್ತದೆ. ಮಹಿಳೆಯರ ಡಬ್ಲ್ಯುಟಿಎ ಪಟ್ಟಿಯಲ್ಲಿ ಕ್ವಾರ್ಟರ್‌ಫೈನಲ್‌ಗೆ 430, ನಾಲ್ಕನೇ ಸುತ್ತಿಗೆ 240 ಅಂಕಗಳಿದ್ದು, ನಡುವಿನ ಸುತ್ತುಗಳ ದುಡಿಮೆಗೆ ಹೆಚ್ಚು ಬೆಲೆ ಕೊಡುವ ಆ ಹಂಚಿಕೆಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಸೇವೆಯ ನಿಜವಾದ ಬೆಲೆ ತಿಳಿಯುವುದು ಆಟಗಾರನ ಹೆಸರು ಒತ್ತಿ, ಯಾವ ಟೂರ್ನಿಯಿಂದ ಎಷ್ಟು ಅಂಕ ಬಂದಿದೆ ಎಂಬ ವಿವರವನ್ನು ತೆರೆದಾಗ. ಭಾರತದ ಸುಮಿತ್ ನಾಗಲ್ ಅವರ ಲೆಕ್ಕವನ್ನೇ ನೋಡಬಹುದು. 2024ರ ಜನವರಿಯಲ್ಲಿ ಅವರು ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್ ಗ್ರ್ಯಾನ್‌ಸ್ಲಾಮ್‌ನಲ್ಲಿ ಅರ್ಹತಾ ಸುತ್ತುಗಳನ್ನು ದಾಟಿ, ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. ಅರ್ಹತೆ ಗಳಿಸಿದ್ದಕ್ಕೆ 30, ಎರಡನೇ ಸುತ್ತು ತಲುಪಿದ್ದಕ್ಕೆ 50, ಒಟ್ಟು 80. ಮರುವರ್ಷ ಅಲ್ಲಿಯೇ ಮೊದಲ ಸುತ್ತಿನಲ್ಲಿ ಸೋತಾಗ 80 ಇದ್ದ ಜಾಗದಲ್ಲಿ 10 ಕುಳಿತಿತು. ಪತ್ರಿಕೆಗಳು ಇದನ್ನು ‘ಅಂಕ ಉಳಿಸಿಕೊಳ್ಳಲಾಗಲಿಲ್ಲ’ ಎಂದು ಬರೆಯುತ್ತವೆ. ಆದರೆ ಯಾರೂ ಅಂಕಗಳನ್ನು ಉಳಿಸಿಕೊಳ್ಳಲಾರರು. ಕರಾರಿನ ಬಾಡಿಗೆ ಮನೆಯಂತೆ 52 ವಾರ ತುಂಬಿದೊಡನೆ ಹಳೆಯವು ತೆರವಾಗುತ್ತವೆ, ಹೊಸದಾಗಿ ಗಳಿಸಿದ್ದಷ್ಟೇ ಆ ಜಾಗಕ್ಕೆ ಬರುತ್ತದೆ.

ನನ್ನ ಮುಖ್ಯ ತಕರಾರು ಇರುವುದು ದೊಡ್ಡ ಟೂರ್ನಿಯಿಂದ ಸಣ್ಣದಕ್ಕೆ ಬಂದಂತೆ ಅಂಕಗಳು ಕುಸಿಯುವ ಇಳಿಜಾರಿನ ಬಗ್ಗೆ. ಗೆದ್ದವನಿಗೆ 125 ಅಂಕ ಸಿಗುವ, ಕೆಳಹಂತದ ಚಾಲೆಂಜರ್ ಟೂರ್ನಿಯೊಂದರಲ್ಲಿ, ಅಂದರೆ 2025ರಲ್ಲಿ ಕಬ್ಬನ್ ಪಾರ್ಕಿನ ಕೆಎಸ್ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಗಳದಲ್ಲಿ ನಡೆದ ಬೆಂಗಳೂರು ಓಪನ್‌ನಂಥದರಲ್ಲಿ, ಮೂರು ಪಂದ್ಯ ಗೆದ್ದು ಸೆಮಿಫೈನಲ್‌ನಲ್ಲಿ ಸೋತವನಿಗೆ ದಕ್ಕುವುದು 35 ಅಂಕ. ಗ್ರ್ಯಾನ್‌ಸ್ಲಾಮ್‌ನ ಮುಖ್ಯ ಸುತ್ತಿನಲ್ಲಿ ಒಂದೇ ಪಂದ್ಯ ಗೆದ್ದವನಿಗೆ 50. ಎದುರಾಳಿಯ ಮಟ್ಟ ಬೇರೆ, ಐದು ಸೆಟ್‌ಗಳ ಆಟ ಬೇರೆ ಎಂಬ ವಾದವನ್ನು ಒಪ್ಪುತ್ತೇನೆ. ಆದರೆ 128 ಜನರ ಮುಖ್ಯ ಸುತ್ತಿಗೆ ರ‍್ಯಾಂಕಿಂಗ್ ಬಲದಿಂದ ನೇರ ಪ್ರವೇಶ ಸಿಗುವುದು ಸುಮಾರು 104 ಜನರಿಗೆ ಮಾತ್ರ. ಉಳಿದ ಜಾಗಗಳು 16 ಅರ್ಹತಾ ವಿಜೇತರಿಗೆ ಮತ್ತು 8 ವೈಲ್ಡ್ ಕಾರ್ಡ್‌ಗಳಿಗೆ, ಅಂದರೆ ಸಂಘಟಕರು ನೇರವಾಗಿ ಆಹ್ವಾನಿಸಿದವರಿಗೆ, ಮೀಸಲು. ಹೀಗಾಗಿ ಆ ಗೆರೆಯ ಒಳಗಿದ್ದವನು ವರ್ಷಕ್ಕೆ ನಾಲ್ಕು ಬಾರಿ ದೊಡ್ಡ ಅಂಕಗಳ ಬಾಗಿಲಿಗೆ ಸಲೀಸಾಗಿ ಬರುತ್ತಾನೆ, ಹೊರಗಿದ್ದವನು 35, 16, 8 ಎಂದು ಚಿಲ್ಲರೆ ಕೂಡಿಸುತ್ತಾ ಊರೂರು ಅಲೆಯುತ್ತಾನೆ.

ಪಟ್ಟಿ ತೀರಾ ಅಪಹಾಸ್ಯಕ್ಕೆ ಈಡಾಗಿದ್ದು 2022ರ ಜುಲೈನಲ್ಲಿ. ರಷ್ಯಾ ಮತ್ತು ಬೆಲಾರಸ್ ಆಟಗಾರರನ್ನು ವಿಂಬಲ್ಡನ್ ದೂರವಿಟ್ಟಿದ್ದರಿಂದ ಆ ವರ್ಷದ ಟೂರ್ನಿಗೆ ಅಂಕಗಳನ್ನೇ ಕೊಡಲಿಲ್ಲ. ಪ್ರಶಸ್ತಿ ಗೆದ್ದ ಜೊಕೊವಿಚ್, ಹಿಂದಿನ ವರ್ಷದ 2000 ಅಂಕ ಕಳೆದುಕೊಂಡು ಮೂರನೇ ಸ್ಥಾನದಿಂದ ಏಳಕ್ಕೆ ಇಳಿದರು. ನಿಷೇಧದ ತಪ್ಪುಸರಿ ಏನೇ ಇರಲಿ, ಕಪ್ ಎತ್ತಿದವನನ್ನೇ ಕೆಳಗಿಳಿಸಿದ ಆ ಸೋಮವಾರದ ಪಟ್ಟಿಗೆ ಪ್ರೇಕ್ಷಕನ ಮಟ್ಟಿಗೆ ಅರ್ಥವೇ ಇರಲಿಲ್ಲ.

ಡಬಲ್ಸ್ ಪಟ್ಟಿ ಬೇರೆಯೇ ಇದ್ದು, ಅಲ್ಲಿ ಜೋಡಿಗಲ್ಲ, ಒಬ್ಬೊಬ್ಬ ಆಟಗಾರನಿಗೂ ಪ್ರತ್ಯೇಕ ಸ್ಥಾನ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಮೆಲ್ಬರ್ನ್‌ನಲ್ಲಿ ಗೆದ್ದು ಆ ಪಟ್ಟಿಯ ತುದಿಗೇರಿದರು. ಅದೇ ಬೋಪಣ್ಣ 2017ರಲ್ಲಿ ಗೇಬ್ರಿಯೆಲಾ ದಬ್ರೊವ್‌ಸ್ಕಿ ಜೊತೆ ಗೆದ್ದ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿಗೆ ಒಂದೇ ಒಂದು ಅಂಕವೂ ಸಿಕ್ಕಿರಲಿಲ್ಲ, ಏಕೆಂದರೆ ಮಿಶ್ರ ಡಬಲ್ಸ್‌ಗೆ ರ‍್ಯಾಂಕಿಂಗ್ ಅಂಕಗಳೇ ಇಲ್ಲ. ಲೆಕ್ಕದ ಸ್ಪಷ್ಟತೆಗೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಹಂಚಿಕೆಗೆ ಎರಡೂವರೆ.