ಬೆಕ್ಕಿನ ಮರಿ ಕಚ್ಚುತ್ತಾ? ಗರಿ ಕೋಲು ತಗೊಳ್ಳಿ, ಆದರೆ ಗಂಟು ನೋಡಿ ತಗೊಳ್ಳಿ

ಶಿವಮೊಗ್ಗದ ಒಂದು ಪೆಟ್ ಶಾಪಿನಲ್ಲಿ 180 ರೂಪಾಯಿ ಕೊಟ್ಟು ತಂದ ಆಟಿಕೆ ಇದು. ಒಂದು ಪ್ಲಾಸ್ಟಿಕ್ ಕೋಲು, ತುದಿಗೆ ಎಲಾಸ್ಟಿಕ್ ದಾರ, ದಾರದ ಕೊನೆಗೆ ಬಣ್ಣದ ಗರಿಗಳ ಗೊಂಚಲು, ಜೊತೆಗೊಂದು ಪುಟ್ಟ ಗೆಜ್ಜೆ. ನೋಡೋಕೆ ಅಂಥಾ ವಿಶೇಷ ಏನಿಲ್ಲ. ಆದರೆ ನಮ್ಮ ಸುಬ್ಬಿ ನನ್ನ ಕಾಲು ಬಿಟ್ಟು ಬೇರೆ ಏನನ್ನಾದರೂ ಹಿಡಿಯೋಕೆ ಕಲಿತಿದ್ದು ಇದರಿಂದಲೇ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಮರಿಯ ಕಚ್ಚಾಟದಿಂದ ಸುಸ್ತಾದವರು ಧಾರಾಳವಾಗಿ ಕೊಳ್ಳಬಹುದು. ಕೊಂಡ ಮೇಲೆ ಸ್ವಲ್ಪ ರಿಪೇರಿ ಇದೆ, ಅದನ್ನೂ ಹೇಳುತ್ತೇನೆ.

ನಾನು ತೀರ್ಥಹಳ್ಳಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುವವಳು. ದಿನವಿಡೀ ಮಿಷನ್ ಮುಂದೆ. ಪೆಡಲ್ ತುಳಿಯುವ ಕಾಲು ಮೇಲೆ ಕೆಳಗೆ ಆಡುತ್ತಿದ್ದರೆ ನಾಲ್ಕು ತಿಂಗಳ ಸುಬ್ಬಿಗೆ ಅದು ಇಲಿ. ಬಟ್ಟೆ ಚೂರುಗಳ ಬುಟ್ಟಿಯ ಹಿಂದೆ ಮೈ ಹುದುಗಿಸಿ ಕೂರುತ್ತಿದ್ದಳು. ಕಣ್ಣು ಕಪ್ಪಗೆ ಅರಳಿ, ಸೊಂಟ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಒಂದೇ ನೆಗೆತ. ಮುಂಗಾಲಲ್ಲಿ ಹಿಮ್ಮಡಿ ತಬ್ಬಿ, ಹಲ್ಲು ಊರಿ, ಹಿಂಗಾಲಲ್ಲಿ ಪಾದವನ್ನು ಪರಪರ ಕೆರೆಯುವುದು. ಬ್ಲೌಸಿನ ಕುತ್ತಿಗೆ ತಿರುಗಿಸುವಾಗ ಹೀಗಾದರೆ ಹೊಲಿಗೆ ಎಲ್ಲಿಗೆ ಹೋಗುತ್ತದೆ ಅಂತ ಟೈಲರ್‌ಗಳಿಗೆ ಹೇಳಬೇಕಿಲ್ಲ. ಅದೂ ಮಳೆಗಾಲ ಬೇರೆ. ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಮರಿ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಮರ ಹತ್ತೋದು, ಕೀಟ ಅಟ್ಟೋದು ಎಲ್ಲಾ ಬಂದ್. ಮೈಯಲ್ಲಿರುವ ಹುರುಪೆಲ್ಲ ಮನೆಯವರ ಕಾಲಿನ ಮೇಲೇ ತೀರಬೇಕು.

"ಹಲ್ಲು ಬದಲಾಗ್ತಿದೆ ಕಣೆ, ಅದ್ಕೇ ಕಚ್ಚತ್ತೆ" ಅಂದರು ಅತ್ತೆ. ಅದರಲ್ಲಿ ನಿಜ ಇದೆ. ಬೆಕ್ಕಿನ ಮರಿಗೆ 26 ಹಾಲುಹಲ್ಲು. ಮೂರೂವರೆ, ನಾಲ್ಕು ತಿಂಗಳಿಂದ ಅವು ಉದುರುತ್ತಾ ಹೋಗಿ, ಆರೇಳು ತಿಂಗಳ ಹೊತ್ತಿಗೆ 30 ಗಟ್ಟಿ ಹಲ್ಲು ಬಂದಿರುತ್ತವೆ. ಆದರೆ ಹಲ್ಲು ಬಂದ ಮೇಲೆ ತಾನೇ ಬಿಡುತ್ತದೆ ಅಂತ ಸುಮ್ನೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟು ಜೋರಾಗಿ ಕಚ್ಚಬಹುದು ಅನ್ನೋದನ್ನು ಮರಿಗಳು ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಹೊರಳಾಡುತ್ತಾ. ಹಲ್ಲು ಜಾಸ್ತಿ ಊರಿದರೆ ಎದುರಿನ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಸುಬ್ಬಿ ಪಕ್ಕದ ಮನೆ ಸೌದೆ ಕೊಟ್ಟಿಗೆಯಲ್ಲಿ ಒಂಟಿಯಾಗಿ ಸಿಕ್ಕವಳು. ಆ ಪಾಠ ಅವಳಿಗೆ ಆಗಿರಲಿಲ್ಲ.

ಕೋಲಿನ ದೊಡ್ಡ ಗುಣ ಅಂದರೆ ಕೈಗೂ ಹಲ್ಲಿಗೂ ನಡುವೆ ದೂರ ಸಿಗುತ್ತದೆ. ಅದೇ ಅಂಗಡಿಯಲ್ಲಿ ಬೆರಳ ತುದಿಗಳಿಗೆ ಚೆಂಡು ನೇತುಹಾಕಿದ ಗ್ಲೌಸ್ ಕೂಡ ಇತ್ತು. ಅದನ್ನು ದಯವಿಟ್ಟು ತರಬೇಡಿ. ಕೈಯೇ ಬೇಟೆ ಅಂತ ಕಲಿಸಿಕೊಟ್ಟ ಹಾಗೆ. ಲೇಸರ್ ಲೈಟ್ ಕೂಡ ನನಗೆ ಬೇಡ. ಮರಿ ಎಷ್ಟು ಓಡಿದರೂ ಹಿಡಿಯೋಕೆ ಏನೂ ಸಿಗುವುದಿಲ್ಲ, ಪಾಪ.

ಗರಿ ಆಡಿಸುವುದಕ್ಕೂ ಒಂದು ರೀತಿ ಇದೆ. ಮೂತಿಗೆ ತಂದು ತುರುಕಬಾರದು. ಇಲಿ ತಾನಾಗಿ ಬೆಕ್ಕಿನ ಬಾಯಿಗೆ ಬರುತ್ತಾ? ದೂರಕ್ಕೆ ಎಳೆಯಬೇಕು. ಬಾಗಿಲ ಮರೆಗೆ ಹೋಗಿ ನಿಲ್ಲಿಸಬೇಕು. ಚಾಪೆ ಅಂಚಿನಡಿ ಚೂರು ಅಲ್ಲಾಡಿಸಿ ಸುಮ್ಮನಾಗಬೇಕು. ಆಗ ನೋಡಿ, ಮರಿ ನೆಲಕ್ಕೆ ಅಂಟಿಕೊಂಡು ಬರುವ ಚೆಂದ! ನಡುನಡುವೆ ಹಿಡಿಯೋಕೆ ಬಿಡಿ. ಕೊನೆಯ ಸಲ ಹಿಡಿದಾಗ ಕಸಿದುಕೊಳ್ಳದೆ, ತಕ್ಷಣ ಊಟ ಹಾಕಿ. ಬೇಟೆ ಆಯಿತು, ತಿಂದಿದ್ದಾಯಿತು, ಮೈ ನೆಕ್ಕಿಕೊಂಡು ಮಲಗುತ್ತದೆ. ಬೆಕ್ಕುಗಳ ಚಟುವಟಿಕೆ ಜಾಸ್ತಿ ಇರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆಗೆ. ನಾನು ಬೆಳಿಗ್ಗೆ ಮಿಷನ್ ಮುಂದೆ ಕೂರುವ ಮೊದಲು ಹತ್ತು ಹದಿನೈದು ನಿಮಿಷ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಷ್ಟೇ ಹೊತ್ತು ಆಡಿಸುತ್ತೇನೆ.

ಆದರೂ ಕಾಲು ಹಿಡಿದರೆ ಎಳೆದುಕೊಳ್ಳಬೇಡಿ. ಓಡುವ ಬೇಟೆ ಅಂದುಕೊಂಡು ಇನ್ನೂ ಬಿಗಿ ಹಿಡಿಯುತ್ತದೆ, ಚರ್ಮವೂ ಸೀಳುತ್ತದೆ. ಅಲ್ಲಾಡದೆ ನಿಂತು, ಬಿಟ್ಟ ಕೂಡಲೇ ಎದ್ದು ಬೇರೆ ಕಡೆ ಹೋಗಿ. ಹೊಡೆಯುವುದು, ಮುಖಕ್ಕೆ ನೀರು ಚಿಮುಕಿಸುವುದು ಬೇಡವೇ ಬೇಡ. ಹೆದರಿದ ಮರಿ ಇನ್ನೂ ಜಾಸ್ತಿ ಕಚ್ಚುತ್ತದೆ. ಈ ನಿಯಮ ಮನೆಯವರಿಗೆಲ್ಲ ಒಂದೇ ಇರಬೇಕು. ಮಗ ಮಂಚದ ಮೇಲೆ ಬೆರಳು ಆಡಿಸಿ ಕರೆದರೆ ನಾನು ಮಾಡಿದ್ದೆಲ್ಲ ನೀರುಪಾಲು, ಅಲ್ವಾ?

ಇನ್ನು ಆಟಿಕೆಯ ದೋಷ. ಹೊಲಿಗೆಯವಳ ಕಣ್ಣಿಗೆ ಮೊದಲು ಬಿದ್ದಿದ್ದೇ ಗಂಟು. ಎಲಾಸ್ಟಿಕ್‌ಗೆ ಒಂದೇ ಒಂದು ಸಾದಾ ಗಂಟು ಹಾಕಿ, ಮೇಲೆ ಅಂಟು ಬಳಿದಿದ್ದಾರೆ. ಎಲಾಸ್ಟಿಕ್ ಎಳೆದಾಗ ಸಣ್ಣಗಾಗುತ್ತದೆ, ಗಂಟು ಜಾರುತ್ತದೆ. ಗೆಜ್ಜೆ ಕೂಡ ಬೇಗ ಕಿತ್ತು ಬಂತು. ಮರಿ ನುಂಗುವ ಗಾತ್ರ ಅದು. ನಾನು ಗೆಜ್ಜೆ ತೆಗೆದು ಎಸೆದೆ. ಎಲಾಸ್ಟಿಕ್ ಬದಲು ದಪ್ಪ ಕಾಟನ್ ಲಾಡಿ ಹಾಕಿ, ಗರಿಗಳ ಬುಡಕ್ಕೆ ಜೀನ್ಸ್ ತುಂಡು ಸುತ್ತಿ, ಗುಂಡಿ ಹೊಲಿಯುವ ಗಟ್ಟಿ ದಾರದಲ್ಲಿ ಎರಡು ಸುತ್ತು ಕೈಹೊಲಿಗೆ ಹಾಕಿದೆ. ಅಲ್ಲಿಂದೀಚೆಗೆ ಜಗ್ಗಿಲ್ಲ.

ಪ್ಯಾಕೆಟ್ ಮೇಲೆ ಒಂದು ಎಚ್ಚರಿಕೆಯ ಮಾತೂ ಇಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ದಾರ ಬಾಯಿಗೆ ಹೋದರೆ ಉಗಿಯುವುದು ಕಷ್ಟ, ಒಳಗೇ ಹೋಗುತ್ತದೆ. ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ, ದಾರ ಎಳೆದಾಗ ಲಂಗದ ಬಟ್ಟೆ ಸುರುಟಿ ನೆರಿಗೆ ಬೀಳುವ ಹಾಗೆ ಕರುಳು ಸುರುಟಿಕೊಳ್ಳುತ್ತದೆ, ಕೊಯ್ದೂ ಹೋಗಬಹುದು. ಆಮೇಲೆ ಆಪರೇಷನ್ ಆಗಬೇಕಾಗುತ್ತದೆ, ಜೀವಕ್ಕೇ ಅಪಾಯ. ಹಾಗಾಗಿ ಆಟ ಮುಗಿದ ತಕ್ಷಣ ಕೋಲು ಬೀರುವಿನೊಳಗೆ. ಬಾಬಿನ್, ದಾರದ ಉಂಡೆ, ಸೂಜಿ ಎಲ್ಲವೂ ಮುಚ್ಚಳದ ಡಬ್ಬಿಯೊಳಗೆ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುವುದು ಕಂಡರೆ ನೀವೇ ಎಳೆಯಬೇಡಿ, ಡಾಕ್ಟರ ಹತ್ತಿರ ಓಡಿ.

ಈ ಕೋಲು ಮಾಡಲಾಗದ ಕೆಲಸವೂ ಇದೆ. ತಬ್ಬಿ ಒದೆಯುವ ಆಸೆ ಗರಿಯಿಂದ ತೀರುವುದಿಲ್ಲ. ಅದಕ್ಕೆ ಹಳೇ ಜೀನ್ಸಿನ ಕಾಲಿನಿಂದ ಒಂದು ಗೇಣು ಉದ್ದದ ದಿಂಡು ಹೊಲಿದು, ಬಟ್ಟೆ ಚೂರು ತುಂಬಿ ಕೊಟ್ಟಿದ್ದೇನೆ. ಕಾಲಿಗೆ ಹಾರಲು ಹೊಂಚು ಹಾಕುವುದು ಕಂಡರೆ ಅದನ್ನೇ ಎಸೆಯುತ್ತೇನೆ. ಮುದ್ದಿಸುವಾಗ ತಟ್ಟನೆ ಕಚ್ಚುವುದು ಬೇರೆ ವಿಷಯ. ಬಾಲ ಪಟಪಟ ಬಡಿಯುತ್ತದೆ, ಕಿವಿ ಹಿಂದಕ್ಕೆ ತಿರುಗುತ್ತದೆ, ಬೆನ್ನಿನ ಚರ್ಮ ಅದುರುತ್ತದೆ. ಆಗ ಕೈ ತೆಗೆದರೆ ಸಾಕು. ಆಡದೇ ಇದ್ದಾಗಲೂ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಎಲ್ಲೋ ನೋವಿರಬಹುದು. ಊರಿನ ಪಶು ಆಸ್ಪತ್ರೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಕರೆದೊಯ್ದು ತೋರಿಸಿ. ರಕ್ತ ಬಂದರೆ, ಮರಿ ತಾನೇ ಅಂತ ಬಿಡಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಬಗ್ಗೆ ಕೇಳಿ. ಮರಿಗೂ ಮೂರು ತಿಂಗಳಾದ ಮೇಲೆ ಆ ಲಸಿಕೆ ಹಾಕಿಸಿರಬೇಕು.

ಈಗ ಸುಬ್ಬಿ ಕಾಲಿಗೆ ಬರುವುದು ಅಪರೂಪ. ಬಂದರೂ ಬಾಯಿ ಹಾಕಿ ಬಿಡುತ್ತಾಳೆ, ಹಲ್ಲು ಊರುವುದಿಲ್ಲ. ಆಡಿಸುವುದಕ್ಕೆ ಐದಕ್ಕೆ ಐದು ಕೊಡುತ್ತೇನೆ, ತಯಾರಿಕೆಗೆ ಎರಡೇ. ಗರಿ ಮಾತ್ರ ಬೇರೆ ಸಿಗುತ್ತಾ ಅಂತ ಅಂಗಡಿಯಲ್ಲಿ ಕೇಳಿದೆ, ಇಲ್ಲ ಅಂದರು. ಸವೆದ ಮೇಲೆ ಕಾಟನ್ ಬಟ್ಟೆಯ ಪಟ್ಟಿ ಕತ್ತರಿಸಿ, ನೂಲು ಬಿಡದ ಹಾಗೆ ಅಂಚು ಮಡಿಚಿ ಹೊಲಿದು ಕಟ್ಟಿಕೊಳ್ಳಿ, ನಡೆಯುತ್ತದೆ.